ಫೋನ್ ಕೊಡಿಸುವ ಮೊದಲು: ಆನ್‌ಲೈನ್ ಓದಿಗೆ ನಿಮ್ಮ ಮಗ, ಮಗಳು ಸಿದ್ಧರಿದ್ದಾರೆಯೇ?



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಕೆಚ್ಚಲು ಬಾವು, ಕರುಗಳ ಜಂತುನಾಶಕ, ಖನಿಜ ಮಿಶ್ರಣದ ಬಗ್ಗೆ. ಈ ಬಾರಿ ವಿಷಯ ಬೇರೆ. ಖಾನಾಪುರ ತಾಲ್ಲೂಕಿನ ಸಂಘಗಳಿಗೆ ಹೋದಾಗಲೂ ಬೆಳಗಾವಿ ನಗರದ ಅಂಚಿನ ಹಳ್ಳಿಗಳಿಗೆ ಹೋದಾಗಲೂ ರಾಸಿನ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಬರುತ್ತಿದೆ: "ಡಾಕ್ಟರ್ರ, ಮಗಳು ಆನ್‌ಲೈನ್‌ನ್ಯಾಗ ಡಿಗ್ರಿ ಮಾಡ್ತೀನಿ ಅಂತಾಳ್ರಿ. ಯಾವ ಫೋನ್ ಕೊಡಸೋದ್ರಿ?"

ಮಗಳನ್ನು ಓದಿಸಬೇಕೆಂಬ ಮನಸ್ಸು ದೊಡ್ಡದು. ಆದರೆ ಲೆಕ್ಕ ಫೋನಿನಿಂದ ಶುರುವಾಗಬಾರದು. ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಕೆಚ್ಚಲು ತುಂಬಿಕೊಂಡು ನಿಂತಿದೆ ಎಂದು ಹಣ ಎಣಿಸುವುದಿಲ್ಲ. ಒಂದು ಹೊತ್ತಿನ ಹಾಲು ಹಿಂಡದೆ ಬಿಟ್ಟು ತಂದರೆ ಯಾವ ಎಮ್ಮೆಯ ಕೆಚ್ಚಲೂ ತುಂಬಿಯೇ ಕಾಣುತ್ತದೆ ಎಂಬುದು ನಿಮಗೆ ಗೊತ್ತು. ಅದಕ್ಕೇ ತಿಳಿದವರು ಬೆಳಿಗ್ಗೆ, ಸಂಜೆ, ಮತ್ತೆ ಬೆಳಿಗ್ಗೆ, ಹೀಗೆ ಸತತ ಮೂರು ಹೊತ್ತು ಎದುರಿಗೆ ನಿಂತು ಹಿಂಡಿಸಿ ನೋಡುತ್ತಾರೆ. ಆನ್‌ಲೈನ್ ಓದಿಗೂ ಅದೇ ಪರೀಕ್ಷೆ ಬೇಕು. ಒಂದು ಸಲ ವಿಡಿಯೊ ತೆರೆದುಕೊಂಡಿತು ಎಂದರೆ ಅದು ತುಂಬಿದ ಕೆಚ್ಚಲು ಅಷ್ಟೇ. ಮಾಮೂಲಿ ದಿನ, ಮಾಮೂಲಿ ಕೆಲಸದ ನಡುವೆ, ಒಂದು ವಾರ ಸತತ ನಡೆಯುತ್ತದೆಯೇ ಎಂದು ನೋಡಿ. ಶುಲ್ಕ ಕಟ್ಟುವುದು ಆಮೇಲೆ.

2020ರಲ್ಲಿ ಯಾರಿಗೂ ಹೀಗೆ ನೋಡಿಕೊಳ್ಳುವ ಅವಕಾಶ ಇರಲಿಲ್ಲ. ಕೊರೊನಾದಿಂದ ಶಾಲೆಗಳು ಮುಚ್ಚಿದವು. ಮಕ್ಕಳು ಇದ್ದ ಫೋನಿನಲ್ಲಿ, ಇದ್ದಷ್ಟು ಸಿಗ್ನಲ್‌ನಲ್ಲಿ ಓದಿದರು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ವಿದ್ಯಾಗಮ ಎಂದು ಶಿಕ್ಷಕರೇ ಗುಡಿಯ ಕಟ್ಟೆಗೆ, ಓಣಿಗೆ ಬಂದು ಪಾಠ ಮಾಡಿದರು. ಆ ವರ್ಷದ ಜುಲೈನಲ್ಲಿ ಹಿಮಾಚಲ ಪ್ರದೇಶದ ಒಂದು ಕುಟುಂಬ ಮಕ್ಕಳ ಆನ್‌ಲೈನ್ ಪಾಠದ ಫೋನಿಗಾಗಿ ಆಕಳು ಮಾರಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹೈನುಗಾರರ ಮನೆಯಲ್ಲಿ ಆಕಳು ಹೋದರೆ ಏನು ಹೋಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಂದು ಬೇರೆ ದಾರಿ ಇರಲಿಲ್ಲ. ಇಂದು ಆನ್‌ಲೈನ್ ಎಂಬುದು ನಾವೇ ಆರಿಸಿಕೊಳ್ಳುವ ದಾರಿ. ಆರಿಸುವ ಮುನ್ನ ತೂಗಿ ನೋಡಲು ಸಮಯವೂ ಇದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ನೆಟ್ಟು ಚೆನ್ನಾಗಿದ್ದರೆ ಓದು ಚೆನ್ನಾಗಿ ನಡೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ತೈವಾನಿನ ಸಂಶೋಧಕರು 1,051 ಕಾಲೇಜು ವಿದ್ಯಾರ್ಥಿಗಳ ಆನ್‌ಲೈನ್ ಸಿದ್ಧತೆಯನ್ನು ಅಳೆದು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಿದ್ಧತೆಯನ್ನು ಅವರು ಐದು ಭಾಗವಾಗಿ ನೋಡಿದರು: ಕಂಪ್ಯೂಟರ್, ಇಂಟರ್ನೆಟ್ ಬಳಸುವ ಧೈರ್ಯ, ಕಲಿಯುವ ಆಸೆ, ಮುಖ ಕಾಣದ ಶಿಕ್ಷಕರಿಗೆ ಬರೆದು ಕೇಳುವ ಧೈರ್ಯ, ತನ್ನ ಓದನ್ನು ತಾನೇ ನಡೆಸಿಕೊಳ್ಳುವ ಅಭ್ಯಾಸ, ಮತ್ತು ಪರದೆಯ ಮುಂದೆ ಮನಸ್ಸು ಆಚೀಚೆ ಹೋಗದಂತೆ ಹಿಡಿದಿಡುವ ಶಕ್ತಿ. ಮೊದಲ ಮೂರರಲ್ಲಿ ಆ ವಿದ್ಯಾರ್ಥಿಗಳು ಚೆನ್ನಾಗಿದ್ದರು. ಕೊನೆಯ ಎರಡರಲ್ಲಿ ಹಿಂದೆ ಬಿದ್ದರು. ಅವರು ಕಾಲೇಜಿನಲ್ಲಿದ್ದ, ಕಂಪ್ಯೂಟರ್ ಚೆನ್ನಾಗಿ ಬಲ್ಲ ಮಕ್ಕಳು ಎಂಬುದನ್ನು ನೆನಪಿಡಿ.

ನಮ್ಮಲ್ಲೂ ನಾನು ಕಂಡದ್ದು ಇದನ್ನೇ. ಬೆಳಗಾವಿ ನಗರದಲ್ಲಿ ಹತ್ತು ಆಕಳು ಕಟ್ಟಿಕೊಂಡು ಹಾಲು ಮಾರುವ ಒಂದು ಮನೆ. ಫೈಬರ್ ಇಂಟರ್ನೆಟ್ ಇದೆ, ಲ್ಯಾಪ್‌ಟಾಪ್ ಇದೆ, ಮಗನಿಗೆ ಬೇರೆ ಕೋಣೆಯೂ ಇದೆ. ಎರಡು ಕೋರ್ಸು ಸೇರಿದ, ಎರಡನ್ನೂ ಮೂರನೇ ವಾರಕ್ಕೆ ಬಿಟ್ಟ. ಖಾನಾಪುರದಿಂದ ಜಾಂಬೋಟಿ ರಸ್ತೆಯ ಕಡೆ ಇರುವ ಇನ್ನೊಂದು ಮನೆಯಲ್ಲಿ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಬರುತ್ತದೆ. ಆ ಮನೆಯ ಹುಡುಗಿ ಖಾನಾಪುರಕ್ಕೆ ಹೋದ ದಿನ ಬಸ್ ನಿಲ್ದಾಣದಲ್ಲಿ ಕೂತು ವಾರದ ಪಾಠಗಳನ್ನು ಇಳಿಸಿಕೊಂಡು ಬಂದು, ಮಧ್ಯಾಹ್ನ ರಾಸುಗಳು ಮೆಲುಕು ಹಾಕುವ ಹೊತ್ತಿನಲ್ಲಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಿದಳು. ಸಿಗ್ನಲ್ ಬೇಡ ಎಂದು ನಾನು ಹೇಳುತ್ತಿಲ್ಲ. ಸಿಗ್ನಲ್ ಇಲ್ಲದ್ದಕ್ಕೆ ಉಪಾಯ ಹುಡುಕಬಹುದು. ಕೂತು ಓದುವ ಅಭ್ಯಾಸ ಇಲ್ಲದಿದ್ದರೆ ಫೈಬರ್ ಹಾಕಿಸಿ ಏನೂ ಆಗುವುದಿಲ್ಲ.

ಮುಂದಿನ ಭಾಗವನ್ನು ಓದಬೇಕೆಂದಿರುವ ಮಗನ ಅಥವಾ ಮಗಳ ಕೈಗೆ ಕೊಡಿ. ಇದು ಅವರೇ ತಮ್ಮನ್ನು ತಾವು ನೋಡಿಕೊಳ್ಳಬೇಕಾದ ಪರೀಕ್ಷೆ. ಅಪ್ಪ, ಅವ್ವ ಅಥವಾ ನಾನು ಅಂಕ ಹಾಕುವಂಥದ್ದಲ್ಲ.

ಮಕ್ಕಳೇ, ಏಳು ದಿನ ತೆಗೆದುಕೊಳ್ಳಿ. ಸ್ವಯಂ ಎಂಬುದು ಕೇಂದ್ರ ಸರ್ಕಾರದ ಜಾಲತಾಣ, 2017ರಲ್ಲಿ ಶುರುವಾದದ್ದು. ಅಲ್ಲಿ ಕೋರ್ಸು ಸೇರಿ ಪಾಠ ನೋಡಲು ಹಣ ಕೊಡಬೇಕಿಲ್ಲ. ಪ್ರಮಾಣಪತ್ರ ಬೇಕಾದರೆ ಪರೀಕ್ಷೆಗೆ ಮಾತ್ರ ಶುಲ್ಕ. ನೀವು ಸೇರಬೇಕೆಂದಿರುವ ವಿಷಯಕ್ಕೆ ಹತ್ತಿರದ ಒಂದು ಕೋರ್ಸನ್ನು ಅಲ್ಲಿ ಹುಡುಕಿ, ದಿನಕ್ಕೊಂದು ಪಾಠದಂತೆ ಏಳು ಪಾಠ ನೋಡಿ. ದಿನಾಲೂ ಎಲ್ಲಿ ಕೂತು ಓದುತ್ತೀರೋ ಅಲ್ಲೇ ಕೂರಬೇಕು, ಯಾವ ಹೊತ್ತಿಗೆ ಓದುತ್ತೀರೋ ಅದೇ ಹೊತ್ತಿಗೆ. ಗೆಳೆಯನ ಮನೆಯ ವೈಫೈನಲ್ಲಿ, ಭಾನುವಾರ ಮಧ್ಯಾಹ್ನ ನೋಡಿದರೆ ಅದು ಪರೀಕ್ಷೆ ಆಗುವುದಿಲ್ಲ. ಸಂಘದಲ್ಲಿ ಕೊಡುವ ಹಾಲಿನ ಪುಸ್ತಕದ ಹಾಗೆ ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆಯುತ್ತ ಹೋಗಿ: ಪಾಠ ಎಷ್ಟು ಸಲ ನಿಂತಿತು, ಕರೆಂಟು ಎಷ್ಟು ಹೊತ್ತು ಹೋಯಿತು, ಎಷ್ಟು ಡೇಟಾ ಖರ್ಚಾಯಿತು. ಮಧ್ಯಮ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು ಅರ್ಧ ಜಿಬಿ ತಿನ್ನುತ್ತದೆ, ಗುಣಮಟ್ಟ ಹೆಚ್ಚಿಸಿದರೆ ಇನ್ನೂ ಹೆಚ್ಚು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ತಮ್ಮನ ಆಟ, ಅಪ್ಪನ ಯೂಟ್ಯೂಬ್, ನಿಮ್ಮ ಪಾಠ ಮೂರೂ ನಡೆಯಬೇಕೆಂದರೆ ಪಾಠವೇ ಅರ್ಧಕ್ಕೆ ನಿಲ್ಲುತ್ತದೆ.

ಇಷ್ಟು ಸುಲಭದ ಭಾಗ. ಕಷ್ಟದ್ದು ಇನ್ನು ಮುಂದೆ.

ಪಾಠ ಮುಗಿದ ಕೂಡಲೇ ಫೋನ್ ಬೋರಲು ಹಾಕಿ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಐದು ವಾಕ್ಯ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಮರಾಠಿಯಲ್ಲಿ ಬರೆಯಿರಿ, ಅಡ್ಡಿಯಿಲ್ಲ. ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆಯೇ ಅನಿಸುತ್ತದೆ, ಏಕೆಂದರೆ ಮಾತಾಡುತ್ತಿರುವವರು ತಿಳಿದವರು. ನಿಮಗೆ ತಿಳಿಯಿತೋ ಇಲ್ಲವೋ ಎಂಬುದು ಖಾಲಿ ಹಾಳೆಯ ಮುಂದೆ ಗೊತ್ತಾಗುತ್ತದೆ. ಮೊದಲ ದಿನ ಎರಡೇ ವಾಕ್ಯ ಬಂದರೆ ಬೇಸರಪಡಬೇಡಿ. ಏಳನೇ ದಿನಕ್ಕೆ ಎರಡು ನಾಲ್ಕಾಯಿತೇ ಎಂಬುದೇ ಮುಖ್ಯ. ಪಾಠದ ನಡುವೆ ವಾಟ್ಸಾಪ್, ರೀಲ್ಸ್ ಕಡೆಗೆ ಎಷ್ಟು ಸಲ ಹೋದಿರಿ ಎಂಬುದನ್ನೂ ಬರೆಯಿರಿ. ಹಾಳೆ ನಿಮ್ಮದೇ, ಯಾರಿಗೂ ತೋರಿಸಬೇಕಿಲ್ಲ, ಹಾಗಾಗಿ ಸುಳ್ಳು ಬರೆದರೆ ನಷ್ಟ ನಿಮಗೇ.

ವಾರದಲ್ಲಿ ಎರಡು ಕೆಲಸ ಒಂಟಿಯಾಗಿ ಮಾಡಿ ನೋಡಿ. ಕೈಯಲ್ಲಿ ಬರೆದ ಮೂರು ಪುಟವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ, ಒಂದೇ ಪಿಡಿಎಫ್ ಮಾಡಿ, ಇಮೇಲ್‌ನಲ್ಲಿ ಯಾರಿಗಾದರೂ ಕಳಿಸಿ. ಅಸೈನ್‌ಮೆಂಟ್ ಎಂದರೆ ಬಹುತೇಕ ಇದೇ. ಇಷ್ಟಕ್ಕೆ ಪ್ರತಿ ಸಲ ಸೈಬರ್ ಅಂಗಡಿಗೆ ಹೋಗಬೇಕಾದರೆ ಮೊದಲು ಇದನ್ನು ಕಲಿಯಿರಿ, ಎರಡು ದಿನದ ಮಾತು. ಎರಡನೆಯದು, ತಿಳಿಯದ ಒಂದು ವಿಷಯವನ್ನು ಹಿಡಿದು, ಪರಿಚಯವಿಲ್ಲದ ಒಬ್ಬ ಶಿಕ್ಷಕರಿಗೆ ಬರೆಯುವ ಹಾಗೆ ಪ್ರಶ್ನೆ ಬರೆಯಿರಿ. "ಸರ್ ತಿಳಿಲಿಲ್ಲ" ಎಂದರೆ ಯಾರೂ ಉತ್ತರ ಕೊಡಲಾರರು. ಯಾವ ಪಾಠ, ಎಷ್ಟನೇ ನಿಮಿಷ, ಎಲ್ಲಿಯವರೆಗೆ ತಿಳಿಯಿತು, ಎಲ್ಲಿ ತಪ್ಪಿತು ಎಂದು ಬರೆಯಬೇಕು. ಎಮ್ಮೆಗೆ ಹುಷಾರಿಲ್ಲ ಎಂದು ಫೋನ್ ಮಾಡುವವರಿಗೂ, ನಿನ್ನೆ ಸಂಜೆಯಿಂದ ಮೇವು ಬಿಟ್ಟಿದೆ, ಸಗಣಿ ತೆಳ್ಳಗಾಗಿದೆ, ಈದು ಹನ್ನೆರಡು ದಿನವಾಯಿತು ಎನ್ನುವವರಿಗೂ ಇರುವ ವ್ಯತ್ಯಾಸ ಅದು. ಎರಡನೆಯವರಿಗೆ ನಾನು ದಾರಿಯಲ್ಲಿರುವಾಗಲೇ ಅರ್ಧ ಉತ್ತರ ಕೊಡಬಲ್ಲೆ.

ಭಾಷೆಯನ್ನೂ ಈ ವಾರವೇ ನೋಡಿಕೊಳ್ಳಿ. ಖಾನಾಪುರ ಕಡೆ ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ, ಶಾಲೆಯಲ್ಲಿ ಮರಾಠಿ ಅಥವಾ ಕನ್ನಡ, ಕೋರ್ಸು ಮಾತ್ರ ಇಂಗ್ಲಿಷ್ ಎನ್ನುವ ಮಕ್ಕಳು ಬಹಳ. ತರಗತಿಯಲ್ಲಾದರೆ ಶಿಕ್ಷಕರು ಮುಖ ನೋಡಿ ಇನ್ನೊಂದು ಸಲ ಹೇಳುತ್ತಾರೆ. ವಿಡಿಯೊ ಮುಖ ನೋಡುವುದಿಲ್ಲ. ಇಂಗ್ಲಿಷ್ ಪಾಠದಲ್ಲಿ ಅರ್ಧವಾದರೂ ಹಿಡಿಯಲು ಆಗದಿದ್ದರೆ ಕನ್ನಡದಲ್ಲಿ ಪುಸ್ತಕ ಕೊಡುವ ಕೋರ್ಸನ್ನು ಹುಡುಕಿ. ಅದರಲ್ಲಿ ಕೀಳರಿಮೆ ಏನೂ ಇಲ್ಲ.

ಈಗ ಮತ್ತೆ ತಂದೆ ತಾಯಿಗಳ ಕಡೆಗೆ ಬರುತ್ತೇನೆ, ಏಕೆಂದರೆ ಅರ್ಧ ಪರೀಕ್ಷೆ ನಿಮ್ಮದು.

ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 4 ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ. ಒಂದು ಸೆಮಿಸ್ಟರ್‌ನಲ್ಲಿ 20 ಕ್ರೆಡಿಟ್ ಇದ್ದರೆ 600 ಗಂಟೆ. ಇಪ್ಪತ್ತು ವಾರಕ್ಕೆ ಹಂಚಿದರೂ ವಾರಕ್ಕೆ 30 ಗಂಟೆ, ಅಂದರೆ ದಿನಕ್ಕೆ ನಾಲ್ಕು ಗಂಟೆಗಿಂತ ತುಸು ಹೆಚ್ಚು. ಐದಾರು ರಾಸು ಇರುವ ಮನೆಯಲ್ಲಿ ಸಗಣಿ ಬಾಚುವುದು, ಹಿಂಡುವುದು, ಸಂಘಕ್ಕೆ ಹಾಲು ಹಾಕಿ ಬರುವುದು, ಮೇವು ತರುವುದು ಸೇರಿ ಆ ನಾಲ್ಕು ಗಂಟೆ ಎಲ್ಲಿಂದ ಬರುತ್ತದೆ? ಎಷ್ಟೋ ಕೋರ್ಸುಗಳ ನೇರ ತರಗತಿ ಇರುವುದು ಕೆಲಸಕ್ಕೆ ಹೋಗುವವರಿಗೆ ಅನುಕೂಲವಾಗಲೆಂದು ಬೆಳಿಗ್ಗೆ ಬೇಗ ಅಥವಾ ಸಂಜೆ. ನಮ್ಮಲ್ಲಿ ಹಾಲು ಹಿಂಡುವ ಹೊತ್ತೂ ಅದೇ. ಮಗನಾದರೆ "ಅವನಿಗೆ ಕ್ಲಾಸ್ ಐತಿ" ಎಂದು ಬಿಡುತ್ತೀರಿ. ಮಗಳಾದರೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಹಿಂಡಲು ಕೂರುತ್ತಾಳೆ, ಇದನ್ನು ನಾನು ಒಂದು ಕಡೆಯಲ್ಲ, ಹಲವು ಕಡೆ ನೋಡಿದ್ದೇನೆ. ಕಿವಿಯಲ್ಲಿ ಪಾಠ, ಕೈಯಲ್ಲಿ ಮೊಲೆ. ಪಾಠವೂ ಪೂರ್ತಿ ಇಳಿಯುವುದಿಲ್ಲ, ಎಮ್ಮೆಯೂ ಪೂರ್ತಿ ಸೊರೆಯುವುದಿಲ್ಲ. ಆ ಒಂದೂವರೆ ಗಂಟೆ ಅವಳ ಕೆಲಸ ಯಾರು ಮಾಡುತ್ತಾರೆ ಎಂದು ಮನೆಯವರು ಕೂತು ಮಾತಾಡಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಮನೆ ಇನ್ನೂ ಸಿದ್ಧವಾಗಿಲ್ಲ, ಹುಡುಗಿ ಎಷ್ಟೇ ಜಾಣೆಯಾಗಿರಲಿ.

ನೇರ ತರಗತಿಯೋ, ಧ್ವನಿಮುದ್ರಿತ ಪಾಠವೋ ಎಂದು ಸೇರುವ ಮೊದಲೇ ಕೇಳಿ. ನಮಗೂ ಈಗ ಎಷ್ಟೋ ತರಬೇತಿಗಳು ಆನ್‌ಲೈನ್‌ನಲ್ಲೇ ನಡೆಯುತ್ತವೆ. ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಕರೆ ಬಂದರೆ ಎದ್ದು ಹೋಗಲೇಬೇಕು. ಆದ್ದರಿಂದ ಮುದ್ರಿತ ಪಾಠ ಇದ್ದರೆ ಮಾತ್ರ ನಾನು ಹೆಸರು ಕೊಡುತ್ತೇನೆ. ರಾಸು ಕಟ್ಟಿದ ಮನೆಗಳಿಗೂ ಇದೇ ಸರಿ ಎಂದು ನನ್ನ ಅಭಿಪ್ರಾಯ.

ವಾರ ಮುಗಿದ ಮೇಲೆ ಹಾಳೆ ನೋಡಿ. ಐದು ವಾಕ್ಯಗಳು ಬರುತ್ತಿವೆ, ಮನಸ್ಸು ನಿಲ್ಲುತ್ತಿದೆ, ಸಿಗ್ನಲ್ ಮಾತ್ರ ಕೈಕೊಡುತ್ತಿದೆ ಎಂದಾದರೆ ಆನ್‌ಲೈನ್‌ಗಿಂತ ದೂರ ಶಿಕ್ಷಣ ಒಳ್ಳೆಯದು. ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಆನ್‌ಲೈನ್ ಕೋರ್ಸಿನಲ್ಲಿ ಪಾಠ, ಅಸೈನ್‌ಮೆಂಟ್ ಎಲ್ಲ ಜಾಲದಲ್ಲಿ. ದೂರ ಶಿಕ್ಷಣದಲ್ಲಿ ಓದುವ ಪಠ್ಯ ಕೈಗೆ ಬರುತ್ತದೆ, ಆಗಾಗ ಕೇಂದ್ರದಲ್ಲಿ ತರಗತಿ, ಪರೀಕ್ಷೆಗೆ ಹೋಗಬೇಕು. ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಈ ಕೆಲಸ ಮಾಡುತ್ತಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1985ರದ್ದು, ಹೈನುಗಾರಿಕೆ ಬಗ್ಗೆಯೇ ಒಂದು ಸಣ್ಣ ಅರಿವು ಕಾರ್ಯಕ್ರಮವೂ ಅದರಲ್ಲಿದೆ. ಸಿಗ್ನಲ್ ಸಿಗದವರು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ಕೇಳಿ. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು, ಹಲವು ಕಡೆ ಕಂಪ್ಯೂಟರ್ ಬಂದಿವೆ. ಡಿಶ್ ಇರುವವರಿಗೆ ಸ್ವಯಂ ಪ್ರಭಾ ವಾಹಿನಿಗಳು ಇಂಟರ್ನೆಟ್ ಇಲ್ಲದೆಯೂ ಸಿಗುತ್ತವೆ, ಆದರೆ ಅಲ್ಲಿ ಇಂಗ್ಲಿಷ್, ಹಿಂದಿಯೇ ಹೆಚ್ಚು.

ಸಿಗ್ನಲ್ ಚೆನ್ನಾಗಿದೆ, ಹಾಳೆ ಮಾತ್ರ ಖಾಲಿ ಎಂದಾದರೆ ಈ ವರ್ಷ ಹಣ ಕಟ್ಟಬೇಡಿ. ನಾಲ್ಕು ವಾರದ ಒಂದು ಉಚಿತ ಕೋರ್ಸು ಪೂರ್ತಿ ಮುಗಿಸಲಿ, ಆಮೇಲೆ ನೋಡಿ. ಕೂತು ಓದುವುದು ಅಭ್ಯಾಸ, ಮೊದಲ ಕರುವಿನ ಕಡಸು ಹಿಂಡಲು ನಿಲ್ಲುವುದನ್ನು ಕಲಿಯುವ ಹಾಗೆ ದಿನ ಹಿಡಿಯುತ್ತದೆ, ಆದರೆ ಬರುತ್ತದೆ. ಎರಡೂ ಇಲ್ಲ ಎಂದಾದರೆ ಖಾನಾಪುರದ ಅಥವಾ ಬೆಳಗಾವಿಯ ಕಾಲೇಜಿಗೆ ದಿನಾ ಹೋಗುವುದೇ ಲೇಸು. ಖಾನಾಪುರದಿಂದ ಬೆಳಗಾವಿ ದೂರವೇನಲ್ಲ, ಮತ್ತು 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಇಲ್ಲ. ಮಗಳನ್ನು ದೂರ ಕಳಿಸಲು ಮನಸ್ಸಿಲ್ಲ ಎಂಬ ಒಂದೇ ಕಾರಣಕ್ಕೆ ಆನ್‌ಲೈನ್ ಆರಿಸುತ್ತಿದ್ದರೆ ಅದನ್ನು ಮಗಳ ಮುಂದೆ ಬಾಯಿಬಿಟ್ಟು ಹೇಳಿ. ಅವಳಿಗೂ ಒಂದು ಮಾತು ಇರುತ್ತದೆ.

ಆ ಡಿಗ್ರಿಗೆ ಬೆಲೆ ಇದೆಯೇ ಎಂದು ಕೇಳುತ್ತೀರಿ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್, ದೂರ ಶಿಕ್ಷಣದ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಮಾನ್ಯತೆ ಇರುವ ಎಂಬ ಮಾತೇ ಮುಖ್ಯ. ಯುಜಿಸಿಯ ದೂರ ಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯದ ಹೆಸರು, ಆ ಕೋರ್ಸಿನ ಹೆಸರು, ಈ ವರ್ಷದ ಅನುಮತಿ ಮೂರೂ ಇವೆಯೇ ಎಂದು ನೋಡಿ. ಏಜೆಂಟರು ತೋರಿಸುವ ಬಣ್ಣದ ಕಾಗದ ನೋಡಿ ಹಾಲಿನ ಬಿಲ್ಲಿನ ಹಣ ಕೊಡಬೇಡಿ. ಎಲ್ಲ ವಿದ್ಯೆಯೂ ಆನ್‌ಲೈನ್‌ನಲ್ಲಿ ಬರುವುದೂ ಇಲ್ಲ. ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್ ಪದವಿಗಳಿಗೆ ಅದಕ್ಕೆ ಅವಕಾಶವಿಲ್ಲ. ನಮ್ಮ ಪಶುವೈದ್ಯಕೀಯ ಪದವಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. ಎಮ್ಮೆ ಗಬ್ಬವೋ ಅಲ್ಲವೋ ಎಂದು ಕೈ ಹಾಕಿ ನೋಡುವುದು ವಿಡಿಯೊದಿಂದ ಕಲಿಯುವ ವಿದ್ಯೆಯಲ್ಲ. ಕೃತಕ ಗರ್ಭಧಾರಣೆ ತರಬೇತಿಯೂ ಹಾಗೆಯೇ, ಪೂರ್ತಿ ಆನ್‌ಲೈನ್‌ನಲ್ಲಿ ಕಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೊನೆಯದಾಗಿ, ಪರೀಕ್ಷೆಯ ವಾರವನ್ನು ಯಾವಾಗ ಇಟ್ಟುಕೊಳ್ಳಬೇಕು ಎಂಬುದು. ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಜುಲೈ ಮತ್ತು ಜನವರಿ ಎಂದು ವರ್ಷಕ್ಕೆ ಎರಡು ಸಲ ಪ್ರವೇಶ ಇರುತ್ತದೆ. ಬೆಳಗಾವಿ ನಗರದ ಸುತ್ತಲಿನವರು ಯಾವಾಗ ಬೇಕಾದರೂ ನೋಡಿಕೊಳ್ಳಬಹುದು. ಜಾಂಬೋಟಿ, ಕಣಕುಂಬಿ ಕಡೆಯವರು ಬೇಸಿಗೆಯಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಮೇ ತಿಂಗಳಲ್ಲಿ ಬರುವ ಸಿಗ್ನಲ್ ಆಷಾಢದ ಮಳೆಯಲ್ಲಿ, ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ಬರುವುದಿಲ್ಲ. ನೀವು ಜೂನ್ ಕೊನೆಯ ವಾರದಲ್ಲಿ, ಮಳೆ ಹಿಡಿದ ಮೇಲೆ ಹಾಳೆ ಬರೆಯಲು ಶುರು ಮಾಡಿ. ಆಗಲೂ ನಡೆಯಿತು ಎಂದರೆ ಜುಲೈ ಪ್ರವೇಶದಲ್ಲಿ ಸೇರಿ. ನಡೆಯದಿದ್ದರೆ ಜನವರಿಗೆ ಕಾಯಿರಿ, ಮೊದಲ ನಾಲ್ಕೈದು ತಿಂಗಳ ಪಾಠ ಒಣ ಹವೆಯಲ್ಲಿ ಮುಗಿಯುತ್ತದೆ. ಪ್ರವೇಶದ ಕೊನೆಯ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ, ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನೋಡಿಕೊಳ್ಳಿ.